ಗುಂಜೋಟಿ ಜಗದೇವಿಯ ತಕರಾರು

ಗುಂಜೋಟಿಯ ಜಗದೇವಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಸರ್ಕಾರಿ ಕಾಗದದಲ್ಲಿ ಬರೆದಿದ್ದಾರೆ. ಗಡಿಯಾಚೆಯ ಊರಲ್ಲವೇ, ಶುದ್ಧ ಮರಾಠಿಯಲ್ಲಿ, ಟೈಪು ಮಾಡಿಸಿ, ಸಿಕ್ಕೆ ಒತ್ತಿ ಬರೆದಿದ್ದಾರೆ. ಸದರಿ ಮಹಿಳೆ ಕೋಪಿಷ್ಠಳು, ಸಹಕರಿಸುವುದಿಲ್ಲ ಎಂದು. ಬರೆದವರ ಕೈಗೆ ಏನು ಹೇಳೋಣ. ಊರಲ್ಲಿ ಯಾರನ್ನಾದರೂ ಕೇಳಿ ನೋಡಿ, ಅದಕ್ಕೆ ಮೊದಲು ಜಗದೇವಿ ದನಿಯೆತ್ತಿ ಗದರಿಸಿದ್ದೇನಾದರೂ ಇದ್ದರೆ ಕುರಿಗಳನ್ನು ಮಾತ್ರ. ಸಿಟ್ಟು ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ. ಅದನ್ನು ಮಕ್ಕಳ ಆಫೀಸಿನವರು ಜೀಪಿನಲ್ಲಿ ಹಾಕಿಕೊಂಡು ಬಂದು ಅವಳ ಅಂಗಳದಲ್ಲಿ ಇಳಿಸಿ ಹೋದರು.

ಅವಳು ಕುರಿ ಸಾಕುವವರ ಮನೆಯ ಮಗಳು, ಬೀರಪ್ಪನ ಒಕ್ಕಲು. ತಂದೆಯ ಹಿಂಡಿನ ಹಿಂದೆ ತುರೋರಿಯ ಹೊಲಗಳವರೆಗೂ ನಡೆದು, ಉಣ್ಣೆ ಹಿಂಜಿ, ನೂಲು ತೆಗೆದು ಬೆಳೆದವಳು. ಉದಗೀರದ ಜ್ಞಾನೇಶ್ವರನಿಗೆ ಅವಳನ್ನು ಕೊಟ್ಟರು. ಅವನೂ ಅದೇ ಕುಲದವನು, ಆದರೆ ಅವನ ಅಪ್ಪನ ಕಾಲಕ್ಕೇ ಕುರಿ ಮಾರಿ ಪೇಟೆ ಸೇರಿದ್ದರು. ಅವನು ಕಾಳಿನ ಮಾರುಕಟ್ಟೆಯಲ್ಲಿ ಟೆಂಪೋ ಓಡಿಸುತ್ತಿದ್ದ. ಮೊದಲ ಕೂಸು ತೊಟ್ಟಿಲಿಗೆ ಹಾಕುವ ಮೊದಲೇ ಹೋಯಿತು. ಎರಡನೆಯದು ಅಂಬೆಗಾಲಿಡುವ ಹೊತ್ತಿಗೆ ಜ್ವರ ಬಂದು ಹೋಯಿತು. ಮೂರನೆಯದು ಹೆಣ್ಣು, ಉಳಿಯಿತು. ಹೆಸರು ಸಾರಿಕಾ.

ಎರಡು ಕೂಸು ಮಣ್ಣಿಗೆ ಕೊಟ್ಟು ಮೂರನೆಯದನ್ನು ಮಡಿಲಲ್ಲಿ ಇಟ್ಟುಕೊಂಡ ತಾಯಿ ಈ ಸೀಮೆಯಲ್ಲಿ ಏನು ಮಾಡುತ್ತಾಳೆ ಎಂಬುದು ಕುರಿಯವರಿಗೂ ಗೊತ್ತು, ಅಂಗಡಿಯವರಿಗೂ ಗೊತ್ತು. ಆ ಕೂಸಿಗೆ ಮನೆಯವರು ಬಟ್ಟೆ ಕೊಳ್ಳುವುದಿಲ್ಲ, ಬೇಡಿ ತರುತ್ತಾರೆ. ಮಕ್ಕಳು ಬದುಕಿ ಬಾಳಿದ ಮನೆಗಳ ಬಾಗಿಲಿಗೆ ಹೋಗಿ, ಸೆರಗೊಡ್ಡಿ, ನಿಮ್ಮ ಕೂಸು ಹಾಕಿಬಿಟ್ಟ ಅರಿಬಿ ಕೊಡ್ರಿ ಎಂದು ಕೇಳಬೇಕು. ಆ ಮನೆಯ ಆಯುಷ್ಯ ಬಟ್ಟೆಯ ಜೊತೆ ಈ ಕೂಸಿಗೂ ಬರಲಿ ಎಂದು. ಹೆಸರೂ ಹಾಗೆಯೇ. ಚಂದದ ಹೆಸರು ಕೂಗಿದರೆ ಸಾವಿನ ಕಿವಿಗೆ ಬೀಳುತ್ತದೆಂದು ದಗಡಿ ಎನ್ನುತ್ತಾರೆ, ಕಲ್ಲು ಎಂದರ್ಥ. ಏಳು ತುಂಬಿದ ಮೇಲೆ ಬೀರಪ್ಪನ ಗುಡಿಯಲ್ಲಿ ಭಂಡಾರದ ಅರಿಶಿನ ಹಚ್ಚಿ, ಹೊಸ ಬಟ್ಟೆ ತೊಡಿಸಿ, ಇಟ್ಟ ಹೆಸರಿನಿಂದ ಕರೆದರೆ ಹರಕೆ ತೀರಿತು. ಅಲ್ಲಿಯ ತನಕ ಬೇಡುವುದರಲ್ಲಿ ನಾಚಿಕೆಯ ಮಾತೇ ಇಲ್ಲ. ಕೊಟ್ಟ ಮನೆಯವರು ಆ ಕೂಸು ತಮ್ಮದೂ ಹೌದು ಎಂದು ತಿಳಿಯುತ್ತಾರೆ.

ಸಾರಿಕಾ ನಡೆಯಲು ಕಲಿಯುವಷ್ಟರಲ್ಲಿ ಜ್ಞಾನೇಶ್ವರನ ಮನಸ್ಸು ಸೀಮಾ ಎಂಬವಳ ಮೇಲೆ ಬಿತ್ತು. ಹಿರಿಯರನ್ನು ಕೂಡಿಸಿ, ಕೋರ್ಟಿನಲ್ಲಿ ಬಿಡುಗಡೆ ಮಾಡಿಕೊಂಡು, ಜಗದೇವಿಯನ್ನೂ ಕೂಸನ್ನೂ ಗುಂಜೋಟಿಗೆ ತಂದು ಬಿಟ್ಟ. ಆಮೇಲೆ ವರ್ಷಗಟ್ಟಲೆ ಇತ್ತ ತಲೆ ಹಾಕಲಿಲ್ಲ. ಮಗಳ ಹಲ್ಲು ಬಿದ್ದದ್ದು ಗೊತ್ತಿಲ್ಲ, ಶಾಲೆಗೆ ಸೇರಿದ್ದು ಗೊತ್ತಿಲ್ಲ. ಸೀಮಾಳಿಗೆ ಮಕ್ಕಳಾಗಲಿಲ್ಲ ಎಂದಾದ ಮೇಲೆ ಒಮ್ಮೆಲೇ ಅವನಿಗೆ ಅಪ್ಪತನ ಉಕ್ಕಿ ಬಂತು. ಮಗಳು ತನಗೆ ಬೇಕು ಎಂದು ಅರ್ಜಿ ಹಾಕಿದ. ಕುರಿ ಹಿಂದೆ ತಿರುಗುವವಳ ಕೈಯಲ್ಲಿ ತನ್ನ ರಕ್ತ ಹಾಳಾಗುತ್ತಿದೆ ಎಂದು ಬರೆಸಿದ. ಬರೆಸುವವನಿಗೆ ತನ್ನ ಅಜ್ಜನ ನೆನಪು ಬರಲಿಲ್ಲ ಎಂದು ಕಾಣುತ್ತದೆ.

ಕೋರ್ಟಿನವರು ಮಗು ಹೇಗಿದೆ ನೋಡಿ ಬನ್ನಿ ಎಂದು ಮಕ್ಕಳ ರಕ್ಷಣೆಯ ಸರ್ಕಾರಿ ಕಚೇರಿಗೆ, ಊರವರ ಬಾಯಲ್ಲಿ ಮಕ್ಕಳ ಆಫೀಸಿಗೆ, ಹೇಳಿದರು. ಅಲ್ಲಿಂದ ಮಂಗಲಾ ಎಂಬ ಅಧಿಕಾರಿ ಬಂದಳು. ಬರುತ್ತೇನೆಂದು ಮೊದಲು ಹೇಳಿ ಕಳಿಸಿರಲಿಲ್ಲ. ಸಾರಿಕಾ ಆಗತಾನೇ ಶಾಲೆಯಿಂದ ಬಂದು, ಶಾಲೆಯಲ್ಲಿ ಕೊಟ್ಟ ನೀಲಿ ಲಂಗ ಬಿಳಿ ಅಂಗಿಯಲ್ಲಿ, ತಬ್ಬಲಿ ಮರಿಯೊಂದಕ್ಕೆ ಬಾಟಲಿ ಹಾಲು ಕುಡಿಸುತ್ತಿದ್ದಳು. ಮಂಗಲಾ ಇನ್ನೂ ಜೀಪಿನಿಂದ ಇಳಿಯುತ್ತಿದ್ದಳು, ಅಷ್ಟರಲ್ಲಿ ಜಗದೇವಿ ಮಗಳನ್ನು ಒಳಗೆ ಎಳೆದುಕೊಂಡು ಹೋಗಿ ಶಾಲೆಯ ಬಟ್ಟೆ ಬಿಚ್ಚಿ ಬೇಡಿ ತಂದ ಪರಕಾರ ಪೋಲಕ, ಅಂದರೆ ಲಂಗ ಕುಪ್ಪಸ, ತೊಡಿಸಿದಳು. ತೋಳಿನ ಹತ್ತಿರ ಹೊಲಿಗೆ ಬಿಟ್ಟಿತ್ತು, ಬಣ್ಣ ಮಾಸಿತ್ತು. ಊರ ಹೊರಗಿನ ಕಣ್ಣು ಬೀಳುತ್ತಿರುವಾಗ ಕೂಸಿನ ಮೈಮೇಲೆ ಇರಬೇಕಾದದ್ದು ಅದೇ ಎಂದು ಅವಳ ಲೆಕ್ಕ. ಈ ಹೆಂಗಸು ನೋಡಲು ಬಂದಿರುವುದು ಮಗಳನ್ನು ಎಷ್ಟು ಜೋಪಾನ ಮಾಡಿದ್ದೇನೆಂದು, ನೋಡಲಿ ಎಂದುಕೊಂಡಳು. ಅಯ್ಯೋ ತಾಯಿ, ಅಂದು ಆ ನೀಲಿ ಲಂಗ ಹಾಗೇ ಇರಲು ಬಿಟ್ಟಿದ್ದರೆ ಏನಾಗುತ್ತಿತ್ತು ನಿನಗೆ.

ಹಾಸಿದ ಕಂಬಳಿಯ ಮೇಲೆ ಮಂಗಲಾ ಕೂರಲಿಲ್ಲ. ನಿಂತೇ ಕೇಳಿದಳು. ಅವಳೂ ಈ ಸೀಮೆಯವಳೇ, ಕನ್ನಡ ಚೆನ್ನಾಗಿ ಬರುತ್ತಿತ್ತು.

"ಪೋರಿ ಅರಿಬಿ ಎಲ್ಲಿಂದ ತಂದೀರಿ?"

"ಬೇಡಿ ತಂದೀನಿ ರೀ. ಮನಿ ಮನಿ ತಿರುಗಿ ನಾನೇ ಬೇಡೀನಿ," ಎಂದಳು ಜಗದೇವಿ, ಹೆಮ್ಮೆಯಿಂದ.

"ಯಾವಾಗಿಂದ ಹಿಂಗ ನಡದದ?"

"ಹುಟ್ಟಿದಾಗಿಂದ ರೀ. ಒಂದ ತುಂಡ ಅರಿಬಿನೂ ಕೊಂಡಿಲ್ಲ."

"ನಿನ್ನ ಹೆಸರೇನು?" ಎಂದು ಮಂಗಲಾ ಕೂಸನ್ನು ಕೇಳಿದಳು.

"ದಗಡಿ," ಎಂದಳು ಸಾರಿಕಾ. ಅವ್ವ ಕಲಿಸಿದ್ದೇ ಹಾಗೆ, ಹೊರಗಿನವರು ಕೇಳಿದರೆ ಅದನ್ನೇ ಹೇಳಬೇಕು.

ಮಂಗಲಾ ಎಲ್ಲವನ್ನೂ ಬರೆದುಕೊಂಡಳು. ಯಾಕೆ ಬೇಡಿದೆ ಎಂದು ಒಂದು ಮಾತು, ಒಂದೇ ಒಂದು ಮಾತು ಕೇಳಿದ್ದರೆ ಈ ಕಥೆ ಹೇಳುವ ಪಾಳಿ ನನಗೆ ಬರುತ್ತಿರಲಿಲ್ಲ. ಜಗದೇವಿಯಾದರೂ ತಾನೇ ಹೇಳಬಹುದಿತ್ತು. ಆದರೆ ಈ ಕಡೆಯ ಹೆಂಗಸಿಗೆ ಇದನ್ನು ಬಿಡಿಸಿ ಹೇಳುವುದೆಂದರೆ ಅವಳನ್ನು ಪರದೇಶಿ ಎಂದಂತೆ. ಅವಮಾನ ಮಾಡಬಾರದೆಂದು ಸುಮ್ಮನಿದ್ದಳು. ಜೀಪು ಧೂಳೆಬ್ಬಿಸಿ ಹೋಯಿತು. ಚಹಾ ಒಲೆಯ ಮೇಲೆಯೇ ಉಳಿಯಿತು.

ಮುಂದಿನ ತಾರೀಖಿನಂದು ಜ್ಞಾನೇಶ್ವರನ ವಕೀಲ ಆ ವರದಿ ಓದಿದ. ತಾಯಿ ಮಗುವಿನ ಬಟ್ಟೆಗಾಗಿ ಮನೆ ಮನೆ ಭಿಕ್ಷೆ ಬೇಡುತ್ತಾಳೆ, ತಾನೇ ಒಪ್ಪಿಕೊಂಡಿದ್ದಾಳೆ. ಮಗು ಹರಿದ ಬಟ್ಟೆಯಲ್ಲಿತ್ತು. ಮಗುವನ್ನು ಅವಮಾನಕರ ಹೆಸರಿನಿಂದ ಕರೆದು ಕರೆದು, ತನ್ನ ನಿಜ ಹೆಸರು ಹೇಳಲು ಅದಕ್ಕೆ ಬಾರದಂತಾಗಿದೆ. ಮಗುವನ್ನು ಪ್ರಾಣಿಗಳ ನಡುವೆ ಕೆಲಸಕ್ಕೆ ಹಚ್ಚಲಾಗಿದೆ. ಪ್ರಾಣಿಗಳು ಅಂತೆ! ಬಾಟಲಿ ಹಾಲು ಕುಡಿಯುವ ಕುರಿಮರಿಗೆ ಇಷ್ಟು ದೊಡ್ಡ ಹೆಸರು ಅಲ್ಲಿಯವರೆಗೆ ಯಾರೂ ಕೊಟ್ಟಿರಲಿಲ್ಲ. ಜಗದೇವಿ ಕೇಳುತ್ತ ನಿಂತಳು. ಹೇಳಿದ್ದು ಒಂದೊಂದೂ ತನ್ನದೇ ಮಾತು, ಆದರೆ ಆ ವರದಿಯಲ್ಲಿದ್ದ ಹೆಂಗಸು ತಾನಲ್ಲ.

ಅವಳ ಕಣ್ಣು ಜ್ಞಾನೇಶ್ವರನ ಮೇಲೆ ಹೋಯಿತು. ಅವನು ನೆಲ ನೋಡುತ್ತಿದ್ದ. ಸಾರಿಕಾ ಹುಟ್ಟಿದಾಗ ಮೊದಲ ಕುಂಚಗಿ, ಕೂಸಿನ ತಲೆಗೆ ಕಟ್ಟುವ ಕುಲಾವಿ, ಬೇಡಿ ತಂದವನು ಯಾರು? ಅವನೇ. ಉದಗೀರದ ಓಣಿಯಲ್ಲಿ ಟವೆಲು ಒಡ್ಡಿ, ಕಣ್ಣಲ್ಲಿ ನೀರು ತುಂಬಿಕೊಂಡು, ಈ ಕೂಸಾದರೂ ಉಳಿಯಲಿ ಎಂದು ಬೇಡಿ ತಂದಿದ್ದ. ಆ ಗಂಡಸು ಈಗ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಾನೆ. ಹೊರಗೆ ಬಂದಾಗ ಜಗದೇವಿ ಅವನ ದಾರಿಗೆ ಅಡ್ಡ ನಿಂತಳು.

"ಮೊದಲನೇ ಕುಂಚಗಿ ಬೇಡಿದಾವ ನೀನೇ. ಒಳಗ ಯಾಕ ಹೇಳಲಿಲ್ಲ?"

"ಬಾಯಿ ತೆರೀಬ್ಯಾಡ ಅಂತ ವಕೀಲ ಹೇಳ್ಯಾನ."

"ನಾಲಿಗಿ ಅವನ ಹತ್ರ ಅಡ ಇಟ್ಟೀಯೇನು?"

ಅವನು ಮೋಟಾರ್ ಸೈಕಲ್ ಹತ್ತಿ ಹೋದ.

ಅಲ್ಲಿಂದ ಶುರುವಾಯಿತು ತಕರಾರಿನ ಕಥೆ. ತಕರಾರು ಎಂದರೆ ಈ ಕಡೆ ದೂರು. ಜಗದೇವಿ ಮಕ್ಕಳ ಆಫೀಸಿಗೆ ಹೋಗಿ, ಮಂಗಲಾ ಬರೆದದ್ದು ತಪ್ಪು, ಮತ್ತೊಮ್ಮೆ ಯಾರಾದರೂ ಬಂದು ನೋಡಲಿ ಎಂದು ಬರೆಸಿಕೊಟ್ಟಳು. ಅಲ್ಲಿಯ ಮೇಲಧಿಕಾರಿ ಸಿದ್ಧೇಶ್ವರ ಕೆಟ್ಟ ಮನುಷ್ಯನೇನಲ್ಲ, ಕುರ್ಚಿ ತೋರಿಸಿ ಕೂರಿಸಿದ. ಪದ್ಧತಿಯ ಮಾತೆಲ್ಲ ಕೇಳಿ ತಲೆದೂಗಿದ.

"ನಮ್ಮ ಅತ್ತಿ ಮನ್ಯಾಗೂ ಹಿಂಗ ಮಾಡ್ಯಾರ ಬಾಯಿ, ನನಗ ಮಾಲೂಮ ಅದ," ಎಂದ. "ಆದ್ರ ಪ್ರಕರಣ ಕೋರ್ಟಿನಾಗ ಅದ. ಅಲ್ಲಿ ಚಾಲೂ ಇರೂತನಕ ನಾವು ತಕರಾರು ತೊಗೊಳ್ಳಕ್ಕ ಬರಂಗಿಲ್ಲ. ನೀವು ಅಲ್ಲೇ ಹೇಳ್ರಿ."

ಕೋರ್ಟಿನಲ್ಲಿ ಅವಳ ವಕೀಲ ಎದ್ದು ಇದನ್ನೇ ಹೇಳಿದ. ಅಧಿಕಾರಿಯ ಮೇಲೆ ದೂರು ಇದ್ದರೆ ಅವರ ಆಫೀಸಿಗೆ ಕೊಡಿ, ಇಲ್ಲಿ ವರದಿ ದಾಖಲಾಗಿದೆ ಎಂದರು ನ್ಯಾಯಾಧೀಶರು. ಆಫೀಸಿಗೆ ಹೋದರೆ ಕೋರ್ಟು, ಕೋರ್ಟಿಗೆ ಹೋದರೆ ಆಫೀಸು. ಗುಂಜೋಟಿಯಿಂದ ಉಮರ್ಗಾ, ಉಮರ್ಗಾದಿಂದ ಇನ್ನೊಂದು ಬಸ್ಸು, ಬಿಸಿಲಲ್ಲಿ ಕಾಲು ಸವೆಸಿಕೊಂಡು ತಿರುಗಿದ್ದೇ ಬಂತು. ಎರಡೂ ಕಡೆ ಮರ್ಯಾದೆಯಿಂದಲೇ ಮಾತಾಡಿದರು. ಅದೇ ಅವಳ ಹೊಟ್ಟೆ ಉರಿಸಿದ್ದು. ಬೈದಿದ್ದರೆ ಬೈಯಬಹುದಿತ್ತು, ತಳ್ಳಿದ್ದರೆ ತಿರುಗಿ ತಳ್ಳಬಹುದಿತ್ತು. ಕುರ್ಚಿ ಕೊಟ್ಟು, ನೀರು ಕೊಟ್ಟು, ನಿಮ್ಮ ಮಾತು ಖರೆ ಎಂದು ಒಪ್ಪಿಕೊಂಡು ಕೈ ತೊಳೆದುಕೊಳ್ಳುವವರನ್ನು ಏನು ಮಾಡುತ್ತೀರಿ?

ಗುಂಜೋಟಿಯಲ್ಲಿ ಕಿರಾಣಿ ಅಂಗಡಿಯವರ ಮನೆಯ ಅನುಸೂಯಾಬಾಯಿ ಎಂಬ ಹಿರಿಯಾಕೆ ಇದ್ದಾಳೆ. ಹಣೆಯ ತುಂಬ ವಿಭೂತಿ, ಮಾತು ನೆಟ್ಟಗೆ. ಸಾರಿಕಾ ಅಂದು ತೊಟ್ಟ ಪರಕಾರ ಅವಳ ಮೊಮ್ಮಗಳದು. ಸಂಗತಿ ಕೇಳಿ ಅವಳು ಬಟ್ಟೆ ಕೊಟ್ಟ ಹೆಂಗಸರನ್ನೆಲ್ಲ ಕರೆದುಕೊಂಡು ಜಗದೇವಿಯ ಜೊತೆ ಆಫೀಸಿಗೆ ಹೊರಟಳು. ಕುರಿಯವರ ಹೆಂಗಸರು, ಅಂಗಡಿಯವರ ಹೆಂಗಸರು, ಎಲ್ಲ ಒಂದೇ ಟಂಟಂ ರಿಕ್ಷಾದಲ್ಲಿ ಕಿಕ್ಕಿರಿದು ಹೋಗಿ ಆಫೀಸಿನ ಕಟ್ಟೆಯ ಮೇಲೆ ಕೂತರು.

ಅನುಸೂಯಾಬಾಯಿ ಮಂಗಲಾಳನ್ನು ಬಾಗಿಲಲ್ಲೇ ಹಿಡಿದು ನಿಲ್ಲಿಸಿದಳು. "ಆ ಅರಿಬಿ ನನ್ನ ಮೊಮ್ಮಗಳದು. ಈಕಿ ನಮ್ಮ ಬಾಗಿಲಕ್ಕ ಬೇಡ್ಲಕ್ಕ ಬರದಿದ್ರ ನಾನೇ ಜಗಳಾ ತೆಗೀತಿದ್ದೆ, ನಮ್ಮ ಮನಿ ಯಾಕ ಬಿಟ್ಟಿ ಅಂತ. ಇದನ್ನ ಬರಕೊ, ತಂಗಿ."

"ಈಗ ಬರಕೊಳ್ಳಕ್ಕ ಬರಂಗಿಲ್ಲ ರೀ, ವರದಿ ಹೋಗಿಬಿಟ್ಟದ," ಎಂದಳು ಮಂಗಲಾ.

"ತಪ್ಪು ಬರೀಲಕ್ಕ ಬರ್ತದ, ತಿದ್ದಲಕ್ಕ ಬರಂಗಿಲ್ಲೇನು?" ಎಂದಳು ಜಗದೇವಿ. ಅವಳ ದನಿ ಅಂದು ಮೊದಲ ಸಲ ಮೇಲೇರಿತು. ಒಳಗಿನ ಗುಮಾಸ್ತರೆಲ್ಲ ಎದ್ದು ನೋಡಿದರು.

ತಿದ್ದಲು ಬರುವುದಿಲ್ಲ ಎಂದವಳಿಗೆ ಹೊಸದು ಬರೆಯಲು ಮಾತ್ರ ಬಂತು. ಮುಂದಿನ ತಾರೀಖಿಗೆ ಮಂಗಲಾಳ ಎರಡನೆಯ ವರದಿ ಕೋರ್ಟಿನ ಮೇಜಿನ ಮೇಲಿತ್ತು. ಮಹಿಳೆ ಗುಂಪು ಕಟ್ಟಿಕೊಂಡು ಬಂದು ಕಚೇರಿಯಲ್ಲಿ ಗದ್ದಲ ಮಾಡಿದ್ದಾಳೆ, ಕೋಪಿಷ್ಠಳು, ಸಹಕರಿಸುವುದಿಲ್ಲ, ಇಂಥ ವಾತಾವರಣ ಮಗುವಿಗೆ ಹಿತವಲ್ಲ. ತಕರಾರನ್ನು ಕೈಯಿಂದ ಮುಟ್ಟಲೂ ಬಾರದು ಎಂದವರು, ತಕರಾರು ಕೊಟ್ಟದ್ದನ್ನೇ ಅಪರಾಧ ಮಾಡಿ ಬರೆದಿದ್ದರು. ಮೈ ಉರಿಯುತ್ತದೆ, ಹೇಳುವಾಗಲೂ.

ಕೊನೆಯ ತೀರ್ಮಾನ ಆಗುವ ತನಕ ಮಗು ತಂದೆಯ ಹತ್ತಿರ ಇರಲಿ ಎಂದು ಆದೇಶವಾಯಿತು. ತಿಂಗಳಿಗೊಮ್ಮೆ ಕೋರ್ಟಿನ ಪಡಸಾಲೆಯಲ್ಲಿ ತಾಯಿ ನೋಡಬಹುದು. ಅದೇ ಪಡಸಾಲೆಯಲ್ಲಿ ಸಾರಿಕಾಳನ್ನು ಒಪ್ಪಿಸಬೇಕಾಯಿತು. ಕೂಸು ಅದನ್ನು ಒಂದು ದಿನದ ಮಟ್ಟಿಗೆ ಊರಿಗೆ ಹೋಗುವುದು ಎಂದು ತಿಳಿದಿತ್ತು.

"ಅವ್ವಾ, ಸಂಜಿಕಿ ಕರೀಲಕ್ಕ ಬರ್ತೀ ಇಲ್ಲ?" ಎಂದು ಕೇಳಿದಳು.

ಜಗದೇವಿ ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎನ್ನಲಿಲ್ಲ. ಸುಳ್ಳು ಹೇಳಿ ಅವಳಿಗೆ ರೂಢಿಯಿಲ್ಲ, ಖರೆ ಹೇಳಲು ಬಾಯಿ ಬರಲಿಲ್ಲ. ಮಗಳ ತಲೆ ನೇವರಿಸಿ, ಸೆರಗು ಹಿಡಿದಿದ್ದ ಬೆರಳು ಬಿಡಿಸಿ, ಜ್ಞಾನೇಶ್ವರನ ಕೈಗೆ ಕೊಟ್ಟಳು. ಅವನು ಮಗುವನ್ನು ಎತ್ತಿಕೊಂಡಾಗ ಅದು ಅಪರಿಚಿತನ ಹೆಗಲ ಮೇಲಿಂದ ಹಿಂದೆ ನೋಡುತ್ತ ಹೋಯಿತು.

ಮೊದಲ ತಿಂಗಳು ಭೇಟಿಗೆ ಅವನು ಮಗಳನ್ನು ಕರೆತರಲಿಲ್ಲ, ಜ್ವರ ಎಂದ. ಮರು ತಿಂಗಳು ಶಾಲೆಯ ಪರೀಕ್ಷೆ ಎಂದ. ಒಂದನೇ ತರಗತಿಯ ಕೂಸಿಗೆ ಅಂಥ ಯಾವ ಪರೀಕ್ಷೆಯೋ. ಜಗದೇವಿ ಪಡಸಾಲೆಯಲ್ಲಿ ಕಡ್ಲಿಉಂಡಿಯ ಡಬ್ಬಿ ಹಿಡಿದು ಕೂತು, ಕೋರ್ಟಿನ ಬಾಗಿಲು ಹಾಕಿದ ಮೇಲೆ ಎದ್ದು ಬಂದಳು. ಮನೆಯಲ್ಲಿ ತಂದೆ ಏನನ್ನೂ ಕೇಳುತ್ತಿರಲಿಲ್ಲ. ಕುರಿಗಳ ಕೆಲಸ ಅವಳ ಕೈಯಿಂದ ಮೊದಲಿನಂತೆ ಆಗುತ್ತಿತ್ತು, ಊಟ ಮಾತ್ರ ಇಳಿಯುತ್ತಿರಲಿಲ್ಲ.

ಆಗ ಮಕ್ಕಳ ಆಫೀಸಿನಿಂದ ಉತ್ತರ ಬಂತು. ಅವಳು ಕೊಟ್ಟ ತಕರಾರಿಗೆ ಉತ್ತರ. ಸದರಿ ಮಗು ಈಗ ತಕರಾರುದಾರಳ ಬಳಿ ವಾಸವಾಗಿಲ್ಲದ ಕಾರಣ ವಿಚಾರಣೆಯ ಅಗತ್ಯ ಉಳಿದಿಲ್ಲ, ತಕರಾರು ಮುಗಿಸಲಾಗಿದೆ. ಅನುಸೂಯಾಬಾಯಿ ಅದನ್ನು ಎರಡು ಸಲ ಓದಿ ಕನ್ನಡದಲ್ಲಿ ಹೇಳಿದಳು. ಜಗದೇವಿ ಕಾಗದ ಇಸಿದುಕೊಂಡು ಅದೇ ಕಾಲಲ್ಲಿ ಬಸ್ಸು ಹತ್ತಿದಳು.

ಸಿದ್ಧೇಶ್ವರ ಮತ್ತೆ ಕುರ್ಚಿ ತೋರಿಸಿದ. ಅವಳು ಕೂರಲಿಲ್ಲ.

"ಸಾಹೇಬ, ಪೋರಿ ನನ್ನ ಹತ್ರ ಇದ್ದಾಗ ಕೋರ್ಟಿನಾಗ ಅದ ಅಂದ್ರಿ. ಈಗ ಪೋರಿ ನಿನ್ನ ಹತ್ರ ಇಲ್ಲ ಅಂತೀರಿ. ತಕರಾರು ನಾ ಯಾವಾಗ ಕೊಡಬೇಕಾಗಿತ್ತು?"

ಅವನು ಕನ್ನಡಕ ತೆಗೆದು ಒರೆಸಿದ. "ನಿಯಮ ಹಾಂಗ ಅದ ಬಾಯಿ."

"ಆಗಲಿ. ಉದಗೀರದ ಮನಿ ನೋಡಿ ಬಂದವರು ಯಾರು?"

"ಅದು ನಮ್ಮ ಜಿಲ್ಹಾ ಅಲ್ಲ. ಗುಂಜೋಟಿ ನಮ್ಮ ಹದ್ದಿನಾಗ ಬರ್ತದ, ಉದಗೀರ ಬಾಜೂ ಜಿಲ್ಹಾದಾಗ. ಅಲ್ಲಿ ಆಫೀಸಿಗೆ ಪತ್ರ ಹಾಕೀವಿ."

"ಅವರು ನೋಡ್ಯಾರೇನು?"

ಸಿದ್ಧೇಶ್ವರ ಫೈಲು ತಿರುವಿದ, ಸುಮ್ಮನೆ ತಿರುವಿದ. "ಅವರ ಉತ್ತರ ಇನ್ನಾ ಬಂದಿಲ್ಲ."

ಇಷ್ಟು ದಿನ ಜಗದೇವಿ ತಿಳಿದಿದ್ದೇನೆಂದರೆ, ಯಾರೋ ಎರಡೂ ಮನೆ ನೋಡಿ, ತೂಗಿ, ಅವಳ ಮನೆ ಹಗುರಾಯಿತು ಎಂದು. ತಕ್ಕಡಿಯ ಇನ್ನೊಂದು ಬಟ್ಟಲಲ್ಲಿ ಏನಿದೆ ಎಂದು ಯಾರೂ ಇಣುಕಿಯೂ ನೋಡಿರಲಿಲ್ಲ.

"ಅಂದ್ರ ನನ್ನ ಮನಿ ನೋಡಿ ಲಾಯಕ ಇಲ್ಲ ಅಂದ್ರಿ, ಆ ಮನಿ ನೋಡದೇ ಲಾಯಕ ಅದ ಅಂದ್ರಿ," ಎಂದಳು. "ನನ್ನ ಕೋಪಿಷ್ಠಳು ಅಂತ ಬರದೀರಿ ಸಾಹೇಬ. ಕಡಿಮಿ ಬರದೀರಿ. ಇನ್ನಾ ಬರೀರಿ. ಇವರ ಹೊಟ್ಟ್ಯಾಗ ಕರುಳಿಲ್ಲ ಅಂತ ಈಕಿ ಎಲ್ಲರ ಮುಂದ ಹೇಳಿದ್ಳು ಅಂತ ಬರೀರಿ. ನಾ ಅಂಗಠಾ ಒತ್ತಿ ಕೊಡ್ತೀನಿ."

ಯಾರೂ ಏನೂ ಬರೆಯಲಿಲ್ಲ. ಆಚೆಯ ಮೇಜಿನಲ್ಲಿ ಮಂಗಲಾ ತಲೆ ತಗ್ಗಿಸಿ ಕೂತಿದ್ದಳು.

ಮಾರನೇ ದಿನ ಜಗದೇವಿ ನಿಲಂಗಾ ಹಾಯ್ದು ಹೋಗುವ ಬಸ್ಸು ಹಿಡಿದು ಉದಗೀರಕ್ಕೆ ಹೋದಳು. ಯಾರೂ ನೋಡದಿದ್ದರೆ ತಾನೇ ನೋಡುವುದು ಎಂದು ಗಟ್ಟಿ ಮಾಡಿಕೊಂಡಿದ್ದಳು. ಕೋಟೆಯ ಹಿಂದಿನ ಓಣಿ, ತಾನು ಸೊಸೆಯಾಗಿ ಕಾಲಿಟ್ಟ ಅದೇ ಮನೆ. ಜ್ಞಾನೇಶ್ವರ ಮಾರುಕಟ್ಟೆಗೆ ಹೋಗಿದ್ದ, ಅವನ ತಾಯಿ ಹೊರಗೆ ಎಲ್ಲೋ ಹೋಗಿದ್ದಳು. ಸೀಮಾ ಬಾಗಿಲು ತೆಗೆದಳು. ನೋಡಿ ಬಿಳಿಚಿಕೊಂಡಳು, ಆದರೆ ಬಾಗಿಲು ಹಾಕಲಿಲ್ಲ.

"ಜಗಳಕ್ಕ ಬಂದಿಲ್ಲ," ಎಂದಳು ಜಗದೇವಿ. "ಕೇಳ್ಲಕ್ಕ ಬಂದೀನಿ. ನಿಮ್ಮನ್ನ ಯಾರೂ ಕೇಳಿಲ್ಲಂತ."

ನೆಲದ ಮೇಲೆ ಕೂತು ಒಂದೊಂದೇ ಕೇಳಿದಳು. ಎಲ್ಲಿ ಮಲಗುತ್ತಾಳೆ, ಏನು ಉಣ್ಣುತ್ತಾಳೆ, ತಲೆ ಯಾರು ಬಾಚುತ್ತಾರೆ. ಸೀಮಾ ಎದುರಿಗೆ ಕೂತು ಪರೀಕ್ಷೆಗೆ ಬಂದವಳ ಹಾಗೆ ಎಲ್ಲಕ್ಕೂ ಉತ್ತರ ಕೊಟ್ಟಳು. ಮಂಚ ಇದೆ. ಅನ್ನ, ಚಪಾತಿ, ಹಾಲು. ತಲೆ ತಾನೇ ಬಾಚುತ್ತೇನೆ. ಹೊಸ ಫ್ರಾಕು ಹೊಲಿಸಿದ್ದೇನೆ. ಸುಳ್ಳು ಹೇಳುವ ಮುಖವಲ್ಲ ಅವಳದು.

"ರಾತ್ರಿ ಅಳ್ತಾಳೇನು?"

ಸೀಮಾ ಒಳಕೋಣೆಯ ಕಡೆ ನೋಡಿ ದನಿ ತಗ್ಗಿಸಿದಳು. "ಅಳೂದಿಲ್ಲ ಅಕ್ಕಾ. ಅತ್ತರ ಸಮಾಧಾನ ಮಾಡ್ತಿದ್ದೆ. ಬಂದ ದಿನದಿಂದ ಒಂದ ಮಾತ ಆಡಿಲ್ಲ. ಸಾಲ್ಯಾಗೂ ಆಡಂಗಿಲ್ಲಂತ. ದವಾಖಾನಿಗಿ ಒಯ್ಯೋಣು ಅಂದ್ರ, ಕೋರ್ಟಿನಾಗ ತಿಳದ್ರ ಕೇಸು ಕೆಡ್ತದ ಅಂತ ಇವರು ಬ್ಯಾಡ ಅಂದಾರ."

ಒಳಕೋಣೆಯ ಬಾಗಿಲಲ್ಲಿ ಸಾರಿಕಾ ನಿಂತಿದ್ದಳು. ಎಣ್ಣೆ ಹಚ್ಚಿ ಬಾಚಿದ ತಲೆ, ಇಸ್ತ್ರಿ ಮಾಡಿದ ಫ್ರಾಕು, ಯಾವ ಅಧಿಕಾರಿ ಬಂದು ನೋಡಿದರೂ ಮೆಚ್ಚುವ ಹಾಗೆ. ಬಂದು ತಾಯಿಯ ಪಕ್ಕ ಕೂತು ತೋಳಿಗೆ ಮುಖ ಒತ್ತಿಕೊಂಡಳು. ಜಗದೇವಿ ಸಾರಿಕಾ ಎಂದು ಕರೆದಳು, ದಗಡಿ ಎಂದು ಕರೆದಳು. ಕೂಸು ಮುಖವೆತ್ತಿ ನೋಡಿತು, ಬಾಯಿ ತೆರೆಯಲಿಲ್ಲ. ಎತ್ತಿಕೊಂಡು ಓಡಿಬಿಡಬೇಕು ಎನ್ನಿಸಿತು ಅವಳಿಗೆ. ಓಡಿದರೆ ಸಂಜೆಯೊಳಗೆ ಪೊಲೀಸರು ಗುಂಜೋಟಿಗೆ ಬರುತ್ತಾರೆ, ಆಮೇಲೆ ಈ ಜನ್ಮದಲ್ಲಿ ಮಗಳು ಸಿಗುವುದಿಲ್ಲ. ಹಲ್ಲು ಕಚ್ಚಿಕೊಂಡು ಕೂಸನ್ನು ಸೀಮಾಳ ಮಡಿಲಿಗೆ ಇಟ್ಟು ಹೊರಗೆ ಬಂದಳು. ಓಣಿಯ ತಿರುವಿನಲ್ಲಿ ಗೋಡೆಗೆ ಕೈಕೊಟ್ಟು ನಿಂತು ಅತ್ತಳು.

ಉದಗೀರ ಯಾರ ಹದ್ದಿಗೆ ಬರುತ್ತದೋ ಆ ಜಿಲ್ಲೆಯ ಮಕ್ಕಳ ಆಫೀಸನ್ನು ಅವಳು ಕೇಳಿ ಕೇಳಿ ಹುಡುಕಿಕೊಂಡು ಹೋಗುವಷ್ಟರಲ್ಲಿ ಹೊತ್ತು ವಾಲಿತ್ತು. ಗುಮಾಸ್ತ ಬಾಗಿಲು ಹಾಕುವ ತಯಾರಿಯಲ್ಲಿದ್ದ. ತಕರಾರು ಕೊಡಬೇಕು ಎಂದಳು. ಒಂದು ಮನೆಯಲ್ಲಿ ಆರು ವರ್ಷದ ಹೆಣ್ಣುಕೂಸು ಮಾತು ಬಿಟ್ಟಿದೆ, ದವಾಖಾನೆಗೆ ಒಯ್ಯುತ್ತಿಲ್ಲ, ಯಾರಾದರೂ ಹೋಗಿ ನೋಡಿ ಎಂದಳು.

ಗುಮಾಸ್ತ ಪೆನ್ನಿನ ಟೊಪ್ಪಿಗೆ ತೆಗೆಯದೆ ಮೊದಲು ಕೇಳಿದ್ದು ಇಷ್ಟು: "ಕೋರ್ಟಿನಾಗ ಏನರ ಕೇಸು ಚಾಲೂ ಅದೇನು?"

ಜಗದೇವಿ ಅವನ ಮುಖವನ್ನೇ ನೋಡಿದಳು. ಹೌದು ಎಂದರೆ ಆ ಪೆನ್ನು ತೆರೆಯುವುದಿಲ್ಲ ಎಂದು ಅವಳಿಗೆ ಈಗ ಗೊತ್ತಿತ್ತು.

"ಇಲ್ಲ ರೀ," ಎಂದಳು.

"ನೀವು ಕೂಸಿಗೆ ಏನಾಗಬೇಕು?"

"ಏನೂ ಅಲ್ಲ. ಓಣ್ಯಾಗಿನಾಕಿ."

ಗುಮಾಸ್ತ ಪೆನ್ನು ತೆರೆದು ಮನೆಯ ವಿಳಾಸ ಕೇಳಿದ.